ಹಿಮ ಬೀಳುವ ಊರಿನಲ್ಲಿ ಕಾರು: ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಏನೇನು ಮಾಡಬೇಕು?

ಬೆಂಗಳೂರು, ಮೈಸೂರು, ಹುಬ್ಬಳ್ಳಿ ಕಡೆಯಿಂದ ಟೊರೊಂಟೊ, ಒಟ್ಟಾವಾ, ಶಿಕಾಗೊ, ಮಿನಿಯಾಪೊಲಿಸ್‌ಗೆ ಬಂದವರು ಮೊದಲ ವರ್ಷವೇ ಕಾರು ಕೊಳ್ಳುತ್ತಾರೆ. ಕೊಳ್ಳುವಾಗ ಮೈಲೇಜ್ ನೋಡುತ್ತಾರೆ, ಕಿಲೋಮೀಟರ್ ನೋಡುತ್ತಾರೆ, ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ಲೆಕ್ಕ ಹಾಕುತ್ತಾರೆ. ಚಳಿಗಾಲದ ಲೆಕ್ಕ ಮಾತ್ರ ಮೊದಲ ಹಿಮ ಬೀಳುವವರೆಗೂ ಯಾರ ತಲೆಗೂ ಬರುವುದಿಲ್ಲ. ಅಷ್ಟು ಹೊತ್ತಿಗೆ ಗ್ಯಾರೇಜುಗಳಲ್ಲಿ ವಾರಗಟ್ಟಲೆ ಕಾಯಬೇಕು. ನಿಮ್ಮ ಅಳತೆಯ ಟೈರ್ ಅಂಗಡಿಯಲ್ಲಿ ಖಾಲಿಯಾಗಿರುತ್ತದೆ.

ಊರಿನಲ್ಲಿ ಓಡಿಸಿದ ಅನುಭವ ಇಲ್ಲಿಗೆ ಬರುವುದಿಲ್ಲ ಅಂತ ನಾನು ಹೇಳುವುದಿಲ್ಲ. ಜುಲೈ ತಿಂಗಳಲ್ಲಿ ಶಿರಾಡಿ ಘಾಟಿ ಇಳಿದವರಿಗೆ ಮಳೆ, ಮಂಜು, ಎದುರಿಗೆ ಬರುವ ಲಾರಿ ಎಲ್ಲ ಗೊತ್ತು. ಆದರೆ ಅಲ್ಲಿ ಟೈರ್ ರಸ್ತೆಯನ್ನು ಹಿಡಿದುಕೊಂಡಿರುತ್ತದೆ. ಇಲ್ಲಿ ಆ ಹಿಡಿತವೇ ತಪ್ಪಿಹೋಗುವ ಗಳಿಗೆ ಬರುತ್ತದೆ. ಆಗ ಚಾಲಕನ ಜಾಣತನಕ್ಕಿಂತ ಅಕ್ಟೋಬರ್‌ನಲ್ಲಿ ಮಾಡಿಟ್ಟ ಕೆಲಸವೇ ಜಾಸ್ತಿ ಉಪಯೋಗಕ್ಕೆ ಬರುತ್ತದೆ.

ನಾನು ಹೆಚ್ಚಾಗಿ ಕೆನಡಾದ ಒಂಟಾರಿಯೊ ಪ್ರಾಂತ್ಯವನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆಯುತ್ತಿದ್ದೇನೆ. ಅಮೆರಿಕದ ಉತ್ತರದ ರಾಜ್ಯಗಳಿಗೂ ಇದರಲ್ಲಿ ಬಹುಪಾಲು ಹಾಗೇ ಹೊಂದುತ್ತದೆ.

ಮೊದಲ ದುಡ್ಡು ಟೈರಿಗೆ

ಕೈಯಲ್ಲಿ ಸ್ವಲ್ಪವೇ ದುಡ್ಡಿದೆ, ಒಂದೇ ಕೆಲಸ ಮಾಡಿಸಬಹುದು ಅಂದರೆ ಅದು ವಿಂಟರ್ ಟೈರ್. ಇದರಲ್ಲಿ ನನಗೆ ಯಾವ ಅನುಮಾನವೂ ಇಲ್ಲ.

ಕಾರಿನ ಜೊತೆ ಬರುವುದು ಸಾಮಾನ್ಯವಾಗಿ ಆಲ್ ಸೀಸನ್ ಟೈರ್. ಹೆಸರು ನೋಡಿ ವರ್ಷವಿಡೀ ನಡೆಯುತ್ತದೆ ಅಂದುಕೊಳ್ಳುವುದು ಸಹಜ. ಆದರೆ ಹವೆ 7 ಡಿಗ್ರಿಗಿಂತ (ಇಲ್ಲಿ ಎಲ್ಲ ಲೆಕ್ಕ ಸೆಲ್ಸಿಯಸ್‌ನಲ್ಲಿ) ಕೆಳಗೆ ಇಳಿದಾಗ ಅದರ ರಬ್ಬರ್ ಬಿಗಿಯಾಗತೊಡಗುತ್ತದೆ, ರಸ್ತೆಯ ಮೇಲಿನ ಹಿಡಿತ ಕಡಿಮೆಯಾಗುತ್ತದೆ. ಹಿಮವೇ ಬೀಳಬೇಕೆಂದಿಲ್ಲ, ಒಣ ರಸ್ತೆಯಲ್ಲೂ ಹೀಗಾಗುತ್ತದೆ. ವಿಂಟರ್ ಟೈರಿನ ರಬ್ಬರ್ ಬೇರೆ ಥರದ್ದು, ಮೈನಸ್ 20ರಲ್ಲೂ ಮೆತ್ತಗಿರುತ್ತದೆ. ಅದರ ಮೈಮೇಲೆ ಸಣ್ಣ ಸಣ್ಣ ಸೀಳುಗಳಿರುತ್ತವೆ. ಅವು ಹಿಮವನ್ನು, ಐಸ್ ಮೇಲಿನ ನೀರಿನ ಪದರವನ್ನು ಕಚ್ಚಿ ಹಿಡಿಯುತ್ತವೆ.

ಅಂಗಡಿಯಲ್ಲಿ ಗುರುತಿಸುವುದು ಸುಲಭ. ಟೈರಿನ ಪಕ್ಕದಲ್ಲಿ ಮೂರು ಶಿಖರದ ಬೆಟ್ಟ, ಅದರೊಳಗೆ ಒಂದು ಹಿಮದ ಹರಳು ಇರುವ ಚಿಹ್ನೆ ಹುಡುಕಿ. ಹಿಮದಲ್ಲಿ ಪರೀಕ್ಷೆ ಮಾಡಿ ಪಾಸಾದ ಟೈರಿಗೆ ಮಾತ್ರ ಅದು ಸಿಗುತ್ತದೆ. ಬರೀ 'ಎಂ ಪ್ಲಸ್ ಎಸ್' (ಮಡ್ ಪ್ಲಸ್ ಸ್ನೋ, ಅಂದರೆ ಕೆಸರು ಮತ್ತು ಹಿಮ) ಅಂತ ಬರೆದಿದ್ದರೆ ಅದು ಟೈರಿನ ಗೆರೆಗಳ ವಿನ್ಯಾಸದ ಮಾತು ಅಷ್ಟೇ, ಪರೀಕ್ಷೆ ಆಗಿದೆ ಅಂತಲ್ಲ. ಆಲ್ ವೆದರ್ ಅನ್ನುವ ಇನ್ನೊಂದು ಜಾತಿ ಇದೆ. ಇದಕ್ಕೆ ಬೆಟ್ಟದ ಚಿಹ್ನೆ ಇರುತ್ತದೆ, ಬೇಸಿಗೆಯಲ್ಲೂ ತೆಗೆಯಬೇಕಿಲ್ಲ. ಬಾಡಿಗೆ ಅಪಾರ್ಟ್‌ಮೆಂಟಿನಲ್ಲಿದ್ದು ಟೈರ್ ಇಡಲು ಜಾಗವಿಲ್ಲದವರಿಗೆ, ನಗರದೊಳಗೆ ಮಾತ್ರ ಓಡಾಡುವವರಿಗೆ ಇದು ಒಳ್ಳೆಯ ದಾರಿ. ಬ್ಯಾರಿ, ಓವನ್ ಸೌಂಡ್ ಕಡೆ ಇರುವವರಿಗೆ ನಾನು ಇದನ್ನು ಹೇಳುವುದಿಲ್ಲ. ಅಲ್ಲಿ ದೊಡ್ಡ ಸರೋವರಗಳ ಮೇಲಿಂದ ಬರುವ ಗಾಳಿ ತೇವ ಹೊತ್ತು ತಂದು ಗಂಟೆಗಟ್ಟಲೆ ಹಿಮ ಸುರಿಸುತ್ತದೆ. ಅವರಿಗೆ ನಿಜವಾದ ವಿಂಟರ್ ಟೈರೇ ಬೇಕು.

ನಾಲ್ಕೂ ಚಕ್ರಕ್ಕೆ ಹಾಕಿಸಿ. ಎಂಜಿನ್ ಶಕ್ತಿ ಹೋಗುವ ಮುಂದಿನ ಎರಡಕ್ಕೆ ಮಾತ್ರ ಹಾಕಿಸಿ ದುಡ್ಡು ಉಳಿಸೋಣ ಅನ್ನುವವರಿದ್ದಾರೆ. ಮುಂದಿನ ಚಕ್ರಕ್ಕೆ ಹಿಡಿತ ಇದ್ದು ಹಿಂದಿನದಕ್ಕೆ ಇಲ್ಲದಿದ್ದರೆ ತಿರುವಿನಲ್ಲಿ ಬ್ರೇಕ್ ಒತ್ತಿದಾಗ ಕಾರಿನ ಹಿಂಭಾಗ ಸುತ್ತಿ ಮುಂದಕ್ಕೆ ಬರುತ್ತದೆ. ಅದಕ್ಕಿಂತ ನಾಲ್ಕೂ ಒಂದೇ ಥರ ಇರುವುದು ವಾಸಿ.

'ನನ್ನದು ಆಲ್ ವೀಲ್ ಡ್ರೈವ್, ನನಗೆ ಬೇಡ' ಅನ್ನುವ ಮಾತನ್ನು ನಮ್ಮವರ ಬಾಯಲ್ಲಿ ತುಂಬಾ ಕೇಳುತ್ತೇನೆ. ಆಲ್ ವೀಲ್ ಡ್ರೈವ್ ಅಂದರೆ ಎಂಜಿನ್ ಶಕ್ತಿ ನಾಲ್ಕೂ ಚಕ್ರಕ್ಕೆ ಹೋಗುವುದು. ಅದು ಕಾರನ್ನು ಹೊರಡಿಸಲು ಸಹಾಯ ಮಾಡುತ್ತದೆ. ನಿಲ್ಲಿಸಲು ಮಾಡುವುದಿಲ್ಲ. ಬ್ರೇಕು ಎಲ್ಲ ಕಾರಿನಲ್ಲೂ ನಾಲ್ಕು ಚಕ್ರಕ್ಕೇ ಇರುವುದು. ಕೊನೆಗೆ ರಸ್ತೆಗೆ ತಾಗುವುದು ಟೈರ್ ಮಾತ್ರ. ಸಾದಾ ಸೆಡಾನ್‌ಗೆ ಒಳ್ಳೆಯ ವಿಂಟರ್ ಟೈರ್ ಹಾಕಿದರೆ, ಸವೆದ ಆಲ್ ಸೀಸನ್ ಟೈರಿನ ದೊಡ್ಡ ಎಸ್‌ಯುವಿಗಿಂತ ಅದೇ ಬೇಗ ನಿಲ್ಲುತ್ತದೆ.

ಸಾಧ್ಯವಾದರೆ ವಿಂಟರ್ ಟೈರಿಗೆ ಬೇರೆ ಉಕ್ಕಿನ ರಿಮ್ ಕೊಂಡುಬಿಡಿ. ಮೊದಲು ಖರ್ಚು ಜಾಸ್ತಿ. ಆದರೆ ಪ್ರತಿ ಸಲ ಟೈರನ್ನು ರಿಮ್ಮಿನಿಂದ ಕಳಚಿ ಹಾಕುವ ಕೂಲಿ ಉಳಿಯುತ್ತದೆ, ಟೈರಿನ ಅಂಚೂ ಹಾಳಾಗುವುದಿಲ್ಲ. ರಸ್ತೆಗೆ ಹಾಕುವ ಉಪ್ಪಿನಿಂದ ನಿಮ್ಮ ಅಲಾಯ್ ರಿಮ್ ಕೂಡ ಬಚಾವಾಗುತ್ತದೆ. ಚಳಿಗಾಲದ ಟೈರ್ ಓಡುವಾಗ ಬೇಸಿಗೆಯ ಟೈರ್ ವಿಶ್ರಾಂತಿಯಲ್ಲಿರುತ್ತದೆ, ಹಾಗಾಗಿ ಎರಡೂ ಜಾಸ್ತಿ ವರ್ಷ ಬಾಳುತ್ತವೆ. ಒಂಟಾರಿಯೊದಲ್ಲಿ ವಿಂಟರ್ ಟೈರ್ ಹಾಕಿದವರಿಗೆ ವಿಮಾ ಕಂಪನಿಗಳು ರಿಯಾಯಿತಿ ಕೊಡಲೇಬೇಕು ಅನ್ನುವ ನಿಯಮ 2016ರ ಜನವರಿಯಿಂದ ಇದೆ. ರಸೀದಿ ಇಟ್ಟುಕೊಂಡು ಫೋನ್ ಮಾಡಿ ಕೇಳಿ. ಕೇಳದಿದ್ದರೆ ಅದು ಸಿಗದೇ ಹೋಗಬಹುದು.

ಹಳೆಯ ಟೈರ್ ಕೊಳ್ಳುವವರು ಎರಡು ವಿಷಯ ನೋಡಬೇಕು. ಒಂದು, ಗೆರೆಯ ಆಳ. ಹೊಸ ವಿಂಟರ್ ಟೈರಿನಲ್ಲಿ 8ರಿಂದ 9 ಮಿಲಿಮೀಟರ್ ಇರುತ್ತದೆ. 4ಕ್ಕಿಂತ ಕಡಿಮೆಯಾದರೆ ಹಿಮದಲ್ಲಿ ಅದಕ್ಕೆ ಕೆಲಸವಿಲ್ಲ, ಕಾನೂನು ಇನ್ನೂ ಕಡಿಮೆ ಆಳಕ್ಕೆ ಒಪ್ಪಿದರೂ ಸರಿ. ಇನ್ನೊಂದು, ವಯಸ್ಸು. ಪಕ್ಕದಲ್ಲಿ ಡಿಒಟಿ ಅಂತ ಶುರುವಾಗುವ ಸಾಲಿನ ಕೊನೆಯ ನಾಲ್ಕು ಅಂಕಿ ನೋಡಿ. 3521 ಅಂದರೆ 2021ನೇ ವರ್ಷದ 35ನೇ ವಾರ ತಯಾರಾದದ್ದು. ತುಂಬಾ ಹಳೆಯದಾದರೆ ಗೆರೆ ಇದ್ದರೂ ರಬ್ಬರ್ ಗಟ್ಟಿಯಾಗಿರುತ್ತದೆ.

ಯಾವಾಗ ಹಾಕಿಸಬೇಕು? ಬೆಳಗಿನ ಹವೆ ದಿನವೂ 7 ಡಿಗ್ರಿಗಿಂತ ಕೆಳಗೆ ಇರತೊಡಗಿದಾಗ. ದಕ್ಷಿಣ ಒಂಟಾರಿಯೊದಲ್ಲಿ ಅದು ನವೆಂಬರ್ ಆಸುಪಾಸು. ಗ್ಯಾರೇಜಿನ ಸಮಯವನ್ನು ಮಾತ್ರ ಅಕ್ಟೋಬರ್ ಮೊದಲ ವಾರದಲ್ಲೇ ಹಿಡಿದಿಡಿ. ಕ್ವಿಬೆಕ್‌ನಲ್ಲಿ ನೋಂದಣಿಯಾದ ಕಾರಿಗೆ ಡಿಸೆಂಬರ್ 1ರಿಂದ ಮಾರ್ಚ್ 15ರವರೆಗೆ ವಿಂಟರ್ ಟೈರ್ ಕಡ್ಡಾಯ. ಬ್ರಿಟಿಷ್ ಕೊಲಂಬಿಯಾದ ಬೆಟ್ಟದ ಹೆದ್ದಾರಿಗಳಲ್ಲಿ ಅಕ್ಟೋಬರ್ 1ರಿಂದಲೇ ನಿಯಮ ಶುರುವಾಗುತ್ತದೆ. ಒಂಟಾರಿಯೊದಲ್ಲಿ ಕಡ್ಡಾಯವಿಲ್ಲ. ಕಡ್ಡಾಯವಿಲ್ಲ ಅಂತ ಸುಮ್ನೆ ಕೂರಬೇಡಿ.

ಟೈರ್ ಹಾಕಿಸಿ 80ರಿಂದ 100 ಕಿಲೋಮೀಟರ್ ಓಡಿದ ಮೇಲೆ ನಟ್ಟುಗಳನ್ನು ಮತ್ತೆ ಬಿಗಿ ಮಾಡಿಸಿ. ಗ್ಯಾರೇಜುಗಳು ಇದನ್ನು ಸಾಮಾನ್ಯವಾಗಿ ದುಡ್ಡಿಲ್ಲದೆ ಮಾಡಿಕೊಡುತ್ತವೆ. ಆಮೇಲೆ ಗಾಳಿ. ಹವೆ ಸುಮಾರು 5ರಿಂದ 6 ಡಿಗ್ರಿ ಇಳಿದರೆ ಟೈರಿನ ಗಾಳಿ 1 ಪಿಎಸ್ಐ ಇಳಿಯುತ್ತದೆ. ಸೆಪ್ಟೆಂಬರ್‌ನ 20 ಡಿಗ್ರಿಯಲ್ಲಿ ತುಂಬಿಸಿದ ಗಾಳಿ ಜನವರಿಯ ಮೈನಸ್ 20ಕ್ಕೆ ಬಂದಾಗ 7 ಪಿಎಸ್ಐ ಕಡಿಮೆಯಾಗಿರುತ್ತದೆ. ಬೆಳಿಗ್ಗೆ ಡ್ಯಾಶ್‌ಬೋರ್ಡಿನಲ್ಲಿ ಹಳದಿ ದೀಪ ಬರುವುದು ಇದಕ್ಕೇ. ಪಂಕ್ಚರ್ ಆಗಿರಲೇಬೇಕು ಅಂತಿಲ್ಲ. ಕಾರು ಕೆಲವು ಗಂಟೆ ನಿಂತು ಟೈರ್ ತಣ್ಣಗಿರುವಾಗ ಅಳೆಯಿರಿ. ಎಷ್ಟಿರಬೇಕು ಅನ್ನುವುದು ಚಾಲಕನ ಬಾಗಿಲಿನ ಚೌಕಟ್ಟಿನ ಸ್ಟಿಕ್ಕರ್ ಮೇಲೆ ಇರುತ್ತದೆ. ಟೈರಿನ ಮೇಲೆ ಬರೆದಿರುವುದು ಗರಿಷ್ಠ ಮಿತಿ, ಅದನ್ನು ತುಂಬಿಸಬೇಡಿ. ಚಳಿಗಾಲದಲ್ಲಿ ತಿಂಗಳಿಗೊಮ್ಮೆಯಾದರೂ ನೋಡಿ.

ಬ್ಯಾಟರಿ: ಬೇಸಿಗೆ ಕೆಡಿಸುತ್ತದೆ, ಚಳಿ ತೋರಿಸುತ್ತದೆ

ಬೆಳಿಗ್ಗೆ ಕೆಲಸಕ್ಕೆ ಹೊರಟಾಗ ಟಕ್ ಟಕ್ ಅಂತ ಸದ್ದು ಮಾತ್ರ ಬಂದು ಎಂಜಿನ್ ಏಳದಿದ್ದರೆ ಹೆಚ್ಚಾಗಿ ಬ್ಯಾಟರಿಯೇ ಕಾರಣ. ಮೈನಸ್ 18 ಡಿಗ್ರಿಯಲ್ಲಿ ಸಾದಾ ಸೀಸದ ಬ್ಯಾಟರಿಯ ಶಕ್ತಿ ಹೆಚ್ಚುಕಡಿಮೆ ಅರ್ಧಕ್ಕೆ ಇಳಿಯುತ್ತದೆ. ಅದೇ ಹೊತ್ತಿಗೆ ಎಂಜಿನ್ ಆಯಿಲ್ ದಪ್ಪಗಾಗಿ ಎಂಜಿನ್ ತಿರುಗಿಸಲು ದುಪ್ಪಟ್ಟು ಶಕ್ತಿ ಬೇಕಾಗುತ್ತದೆ. ಬ್ಯಾಟರಿಯ ಒಳಗಿನ ಫಲಕಗಳು ಹಾಳಾಗುವುದು ನಿಜವಾಗಿ ಬೇಸಿಗೆಯ ಬಿಸಿಗೆ. ಬೆಚ್ಚಗಿರುವವರೆಗೆ ಅದು ಗೊತ್ತಾಗುವುದಿಲ್ಲ, ಮೊದಲ ದೊಡ್ಡ ಚಳಿಗೆ ಹೊರಬೀಳುತ್ತದೆ.

ಹಾಗಾಗಿ ಅಕ್ಟೋಬರ್‌ನಲ್ಲೇ ಲೋಡ್ ಟೆಸ್ಟ್, ಅಂದರೆ ಬ್ಯಾಟರಿಯ ಮೇಲೆ ಭಾರ ಹಾಕಿ ನೋಡುವ ಪರೀಕ್ಷೆ, ಮಾಡಿಸಿ. ಬಿಡಿಭಾಗದ ಅಂಗಡಿಗಳಲ್ಲಿ ಹತ್ತು ನಿಮಿಷದ ಕೆಲಸ. ಮನೆಯಲ್ಲಿ ಮಲ್ಟಿಮೀಟರ್ ಇದ್ದರೆ, ಕಾರು ರಾತ್ರಿಯಿಡೀ ನಿಂತ ಮೇಲೆ ಅಳೆಯಿರಿ. 12.6 ವೋಲ್ಟ್ ಅಂದರೆ ಪೂರ್ತಿ ಚಾರ್ಜ್. 12.2 ಅಂದರೆ ಅರ್ಧ. ವೋಲ್ಟ್ ಸರಿ ಇದ್ದರೂ ಒಳಗೆ ದುರ್ಬಲವಾಗಿರಬಹುದು, ಅದಕ್ಕೇ ಲೋಡ್ ಟೆಸ್ಟ್ ಬೇಕು. ನಾಲ್ಕೈದು ವರ್ಷ ಆಗಿದ್ದರೆ ಬದಲಿಸಿಬಿಡುವುದೇ ಒಳ್ಳೆಯದು. ಹೊಸದು ಕೊಳ್ಳುವಾಗ ಸಿಸಿಎ ಅಂಕಿ ನೋಡಿ. ಮೈನಸ್ 18ರಲ್ಲಿ ಬ್ಯಾಟರಿ 30 ಸೆಕೆಂಡು ಎಷ್ಟು ಆಂಪಿಯರ್ ಕೊಡಬಲ್ಲದು ಅನ್ನುವುದು ಆ ಅಂಕಿ. ಕಾರಿನ ಕೈಪಿಡಿ ಹೇಳಿದ್ದಕ್ಕಿಂತ ಕಡಿಮೆ ಇರಬಾರದು. ತುದಿಗಳಲ್ಲಿ ಬಿಳಿ ಪುಡಿ ಕಟ್ಟಿದ್ದರೆ ಕೈಗವಸು ಹಾಕಿಕೊಂಡು ಅಡುಗೆ ಸೋಡಾ ಬೆರೆಸಿದ ನೀರಿನಲ್ಲಿ ಬ್ರಷ್‌ನಿಂದ ಉಜ್ಜಿ, ಒರೆಸಿ, ಬಿಗಿ ಮಾಡಿ.

ಮನೆಯಿಂದ ಐದು ನಿಮಿಷದ ಓಡಾಟ ಮಾತ್ರ ಇರುವವರ ಬ್ಯಾಟರಿ ಬೇಗ ಸೊರಗುತ್ತದೆ. ಎಂಜಿನ್ ಏಳಿಸಲು ತೆಗೆದ ಚಾರ್ಜ್ ಅಷ್ಟರಲ್ಲಿ ವಾಪಸ್ ತುಂಬುವುದಿಲ್ಲ. ಸೀಟ್ ಹೀಟರ್, ಹಿಂದಿನ ಗಾಜಿನ ಹೀಟರ್ ಬೇರೆ ಎಳೆಯುತ್ತಿರುತ್ತವೆ. ವಾರಕ್ಕೊಮ್ಮೆ ಅರ್ಧ ಗಂಟೆಯಾದರೂ ಹೆದ್ದಾರಿಯಲ್ಲಿ ಓಡಿಸಿ.

ಜಂಪ್ ಸ್ಟಾರ್ಟ್ ಮಾಡುವುದನ್ನು ಎಲ್ಲರೂ ಕಲಿತಿರಬೇಕು. ಮನೆಯಲ್ಲಿ ಇಬ್ಬರು ಓಡಿಸುವವರಿದ್ದರೆ ಇಬ್ಬರೂ ಕಲಿಯಿರಿ. ಮೊದಲು ಸತ್ತ ಬ್ಯಾಟರಿಯನ್ನು ನೋಡಿ. ಪೂರ್ತಿ ಖಾಲಿಯಾದ ಬ್ಯಾಟರಿಯ ದ್ರವ ಮೈನಸ್ 10ರ ಸುತ್ತಮುತ್ತಲೇ ಹೆಪ್ಪುಗಟ್ಟಬಹುದು. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ, ಒಳಗೆ ಐಸ್ ಕಂಡರೆ ಕೇಬಲ್ ಹಾಕಲೇಬೇಡಿ, ಅದು ಸಿಡಿಯಬಹುದು. ಎಲ್ಲ ಸರಿ ಇದ್ದರೆ ಎರಡೂ ಕಾರಿನ ಎಂಜಿನ್ ಆರಿಸಿ, ಈ ಕ್ರಮದಲ್ಲಿ ಮಾಡಿ:

1. ಕೆಂಪು ಕೇಬಲಿನ ಒಂದು ತುದಿ ಸತ್ತ ಬ್ಯಾಟರಿಯ ಪ್ಲಸ್‌ಗೆ.
2. ಅದೇ ಕೆಂಪಿನ ಇನ್ನೊಂದು ತುದಿ ಒಳ್ಳೆಯ ಬ್ಯಾಟರಿಯ ಪ್ಲಸ್‌ಗೆ.
3. ಕಪ್ಪು ಕೇಬಲ್ ಒಳ್ಳೆಯ ಬ್ಯಾಟರಿಯ ಮೈನಸ್‌ಗೆ.
4. ಕಪ್ಪಿನ ಕೊನೆಯ ತುದಿ ಸತ್ತ ಕಾರಿನ ಎಂಜಿನ್ ಭಾಗದ ಬಣ್ಣವಿಲ್ಲದ ಲೋಹಕ್ಕೆ, ಬ್ಯಾಟರಿಯಿಂದ ದೂರ. ಇಲ್ಲಿ ಸಣ್ಣ ಕಿಡಿ ಬರಬಹುದು, ಬ್ಯಾಟರಿಯ ಹತ್ತಿರ ಅದು ಬರಬಾರದು.
5. ಒಳ್ಳೆಯ ಕಾರನ್ನು ಸ್ಟಾರ್ಟ್ ಮಾಡಿ ಕೆಲವು ನಿಮಿಷ ಬಿಡಿ. ಆಮೇಲೆ ಸತ್ತ ಕಾರನ್ನು ಸ್ಟಾರ್ಟ್ ಮಾಡಿ. ಕೇಬಲ್ ತೆಗೆಯುವುದು ಹಾಕಿದ್ದಕ್ಕೆ ಉಲ್ಟಾ ಕ್ರಮದಲ್ಲಿ.

ಹೈಬ್ರಿಡ್, ಎಲೆಕ್ಟ್ರಿಕ್ ಕಾರಿನವರು ಕೈಪಿಡಿ ಓದದೆ ಇದಕ್ಕೆ ಕೈ ಹಾಕಬೇಡಿ.

ವಿನಿಪೆಗ್, ಸಸ್ಕಟೂನ್, ಎಡ್ಮಂಟನ್ ಕಡೆ ಇರುವವರಿಗೆ ಬ್ಲಾಕ್ ಹೀಟರ್ ಬೇಕು. ಕಾರಿನ ಮುಂಭಾಗದಿಂದ ಪ್ಲಗ್ ನೇತಾಡುವುದನ್ನು ಅಲ್ಲಿ ನೋಡಿರುತ್ತೀರಿ, ಪಾರ್ಕಿಂಗ್ ಜಾಗದಲ್ಲೇ ಕರೆಂಟಿನ ವ್ಯವಸ್ಥೆ ಇರುತ್ತದೆ. ಅದು ಎಂಜಿನ್ನಿನ ಕೂಲಂಟನ್ನು, ಅಂದರೆ ಎಂಜಿನ್ ತಣಿಸುವ ದ್ರವವನ್ನು, ಬೆಚ್ಚಗಿಡುತ್ತದೆ. ರಾತ್ರಿಯಿಡೀ ಹಾಕಬೇಕಿಲ್ಲ. ಟೈಮರ್ ಇಟ್ಟು ಹೊರಡುವ ಮೂರು ನಾಲ್ಕು ಗಂಟೆ ಮುಂಚೆ ಆನ್ ಆದರೆ ಸಾಕು. ಹೊರಗಿನ ಬಳಕೆಗೆ ಅಂತಲೇ ಇರುವ ವೈರ್ ಬಳಸಿ.

ಆಯಿಲ್, ಕೂಲಂಟ್, ಗಾಜಿನ ನೀರು

ಇದು ಚಿಕ್ಕ ಕೆಲಸ, ಆದರೆ ಬಿಡಬೇಡಿ. ಎಂಜಿನ್ ಆಯಿಲ್ ಡಬ್ಬಿಯ ಮೇಲೆ 0ಡಬ್ಲ್ಯೂ-20, 5ಡಬ್ಲ್ಯೂ-30 ಅಂತ ಇರುತ್ತದೆ. ಮೊದಲ ಅಂಕಿ ಚಿಕ್ಕದಾದಷ್ಟೂ ಚಳಿಯಲ್ಲಿ ಆಯಿಲ್ ಸಲೀಸಾಗಿ ಹರಿಯುತ್ತದೆ. ಡಿಸೆಂಬರ್‌ನಲ್ಲಿ ತೆಂಗಿನೆಣ್ಣೆ ಬಾಟಲಿಯೊಳಗೆ ಹೇಗೆ ಕದಲದೆ ಕೂರುತ್ತದೋ, ತಪ್ಪು ಆಯಿಲ್ ಕೂಡ ಮೈನಸ್ 30ರಲ್ಲಿ ಹಾಗೆ ಕೂರುತ್ತದೆ. ಕೈಪಿಡಿ ಹೇಳಿದ ದರ್ಜೆಯ ಸಿಂಥೆಟಿಕ್ ಆಯಿಲನ್ನೇ ಹಾಕಿಸಿ.

ಕೂಲಂಟ್ ಅರ್ಧ ನೀರು, ಅರ್ಧ ಎಥಿಲೀನ್ ಗ್ಲೈಕಾಲ್ ಇದ್ದರೆ ಸುಮಾರು ಮೈನಸ್ 37 ಡಿಗ್ರಿವರೆಗೆ ಹೆಪ್ಪುಗಟ್ಟುವುದಿಲ್ಲ. ನೀರು ಬೆರೆಸದೆ ಬರೀ ಗ್ಲೈಕಾಲ್ ಹಾಕಿದರೆ ಇನ್ನೂ ಒಳ್ಳೆಯದು ಅಂತ ಅಂದುಕೊಳ್ಳಬೇಡಿ, ಅದು ಮೈನಸ್ 13ರ ಹತ್ತಿರವೇ ಗಟ್ಟಿಯಾಗುತ್ತದೆ. ಊರಿನ ಅಭ್ಯಾಸದಂತೆ ಬೇಸಿಗೆಯಲ್ಲಿ ಬರೀ ನೀರು ಸೇರಿಸಿದ್ದರೆ ಈಗಲೇ ಪರೀಕ್ಷೆ ಮಾಡಿಸಿ. ತೆಳ್ಳಗಾದ ಕೂಲಂಟ್ ಹೆಪ್ಪುಗಟ್ಟಿ ಹಿಗ್ಗಿದರೆ ಎಂಜಿನ್ನೇ ಬಿರುಕು ಬಿಡುತ್ತದೆ. ಕೂಲಂಟ್ ರುಚಿ ಸಿಹಿ, ಆದರೆ ವಿಷ. ಮಕ್ಕಳ ಕೈಗೆ, ನಾಯಿ ಬೆಕ್ಕಿನ ಬಾಯಿಗೆ ಸಿಗದಂತೆ ಇಡಿ.

ವಾಷರ್ ಟ್ಯಾಂಕಿಗೆ ನಲ್ಲಿ ನೀರು ಹಾಕುವ ಅಭ್ಯಾಸ ನಮ್ಮಲ್ಲಿ ಬಹಳ ಜನಕ್ಕೆ ಇದೆ. ಇಲ್ಲಿ ಅದು ಒಂದೇ ರಾತ್ರಿಯಲ್ಲಿ ಐಸ್ ಆಗಿ ಟ್ಯಾಂಕನ್ನೋ ಪಂಪನ್ನೋ ಒಡೆಯುತ್ತದೆ. ಮೈನಸ್ 40 ಅಂತ ಬರೆದಿರುವ ಚಳಿಗಾಲದ ದ್ರವವನ್ನೇ ಹಾಕಿ. ಬೇಸಿಗೆಯ ನೀರು ಉಳಿದಿದ್ದರೆ ಪೂರ್ತಿ ಚಿಮ್ಮಿಸಿ ಖಾಲಿ ಮಾಡಿ, ಆಮೇಲೆ ತುಂಬಿ. 401 ಹೆದ್ದಾರಿಯಲ್ಲಿ ಲಾರಿಗಳ ಹಿಂದೆ ಹೋಗುವಾಗ ಉಪ್ಪು ಬೆರೆತ ಕೊಳೆ ನೀರು ಗಾಜಿಗೆ ಬಡಿಯುತ್ತಲೇ ಇರುತ್ತದೆ. ಈ ದ್ರವ ಮುಗಿದರೆ ಎದುರಿಗೆ ಏನೂ ಕಾಣುವುದಿಲ್ಲ. ಡಿಕ್ಕಿಯಲ್ಲಿ ಇನ್ನೊಂದು ಕ್ಯಾನ್ ಇರಲಿ.

ಕಾಣಬೇಕು, ಕಾಣಿಸಿಕೊಳ್ಳಬೇಕು

ವೈಪರ್ ರಬ್ಬರ್ ಗೆರೆ ಬಿಡುತ್ತಿದ್ದರೆ ಹೊಸದು ಹಾಕಿಸಿ. ಕಾರು ನಿಲ್ಲಿಸುವಾಗ ಮೊದಲು ವೈಪರ್ ಆರಿಸಿ, ಆಮೇಲೆ ಎಂಜಿನ್ ಆರಿಸಿ. ಇಲ್ಲದಿದ್ದರೆ ಬೆಳಿಗ್ಗೆ ಸ್ಟಾರ್ಟ್ ಮಾಡಿದ ತಕ್ಷಣ ಗಾಜಿಗೆ ಅಂಟಿಕೊಂಡ ವೈಪರನ್ನು ಮೋಟಾರ್ ಎಳೆಯಲು ಹೋಗಿ ಫ್ಯೂಸ್ ಹೋಗುತ್ತದೆ, ಕೆಲವೊಮ್ಮೆ ಮೋಟಾರೇ ಸುಡುತ್ತದೆ.

ಗಾಜಿನ ಮೇಲಿನ ಐಸ್ ಕರಗಿಸಲು ಬಿಸಿನೀರು ಸುರಿಯಲೇಬೇಡಿ. ಗಾಜು ಒಡೆಯುತ್ತದೆ. ಸುರಿದ ನೀರು ಕೆಳಗೆ ಹೆಪ್ಪುಗಟ್ಟಿ ನೀವೇ ಜಾರಿ ಬೀಳುತ್ತೀರಿ. ಸ್ಕ್ರೇಪರ್ ಇದೆ, ಡಿ-ಐಸರ್ ಸ್ಪ್ರೇ ಇದೆ, ಎರಡರಲ್ಲೇ ಕೆಲಸ ಆಗುತ್ತದೆ.

ಒಳಗಿನ ಮಬ್ಬು ತೆಗೆಯುವ ವಿಧಾನ ಮಳೆಗಾಲದ್ದೇ. ಡಿಫ್ರಾಸ್ಟ್ ಒತ್ತಿ, ಬಿಸಿ ಜಾಸ್ತಿ ಮಾಡಿ, ಎಸಿಯನ್ನೂ ಹಾಕಿ. ಚಳಿಯಲ್ಲಿ ಎಸಿ ಯಾಕೆ ಅಂದರೆ ಅದು ಗಾಳಿಯ ತೇವ ಹೀರುತ್ತದೆ. ಹೊರಗೆ ತುಂಬಾ ಚಳಿ ಇದ್ದಾಗ ಕೆಲವು ಕಾರುಗಳಲ್ಲಿ ಎಸಿ ತಾನಾಗಿ ನಿಂತಿರುತ್ತದೆ, ಆಗ ಹೊರಗಿನ ಒಣ ಗಾಳಿಯೇ ಸಾಕು. ರೀಸರ್ಕ್ಯುಲೇಶನ್ ಬಟನ್ ಮಾತ್ರ ಆಫ್ ಇರಬೇಕು. ಅದು ಆನ್ ಇದ್ದರೆ ನಿಮ್ಮ ಉಸಿರಿನ ತೇವವೇ ಒಳಗೆ ಸುತ್ತುತ್ತದೆ. ಬೂಟಿನ ಹಿಮವನ್ನು ಹೊರಗೇ ಕೊಡವಿ ಹತ್ತಿ, ಅಂಚು ಎತ್ತರವಿರುವ ರಬ್ಬರ್ ಮ್ಯಾಟ್ ಹಾಕಿ, ಅದರ ನೀರು ಚೆಲ್ಲುತ್ತಿರಿ. ಗಾಜು ಮಬ್ಬಾಗುವುದಕ್ಕೆ ಅರ್ಧ ಕಾರಣ ಅದೇ.

ಇನ್ನು ಹಿಮ ತೆಗೆಯುವುದು. ಎದುರಿನ ಗಾಜಿನಲ್ಲಿ ಒಂದು ಕಿಂಡಿ ಮಾಡಿಕೊಂಡು ಹೊರಡುವವರನ್ನು ಪ್ರತಿ ಚಳಿಗಾಲ ನೋಡುತ್ತೇನೆ. ದಯವಿಟ್ಟು ಹಾಗೆ ಮಾಡಬೇಡಿ. ಎಲ್ಲ ಗಾಜು, ಕನ್ನಡಿ, ಮುಂದಿನ ಹಿಂದಿನ ದೀಪ, ನಂಬರ್ ಪ್ಲೇಟ್, ಕ್ಯಾಮೆರಾ ಎಲ್ಲ ಸ್ವಚ್ಛ ಇರಬೇಕು. ಛಾವಣಿಯ ಹಿಮವನ್ನೂ ಪೂರ್ತಿ ತೆಗೆಯಿರಿ. ಕಾರಿನೊಳಗೆ ಬಿಸಿಯಾದಾಗ ಅದು ಅಡಿಯಿಂದ ಸಡಿಲವಾಗುತ್ತದೆ. ಬ್ರೇಕ್ ಒತ್ತಿದರೆ ಇಡೀ ಹಲಗೆಯಾಗಿ ನಿಮ್ಮ ಎದುರಿನ ಗಾಜಿನ ಮೇಲೆ ಜಾರುತ್ತದೆ, ವೇಗದಲ್ಲಿ ಹೋದರೆ ಹಿಂದಿನ ಕಾರಿನವರ ಮೇಲೆ ಹಾರುತ್ತದೆ. ಹಿಂದೆ ಬರುತ್ತಿರುವುದೂ ಯಾರದೋ ಮನೆಯವರೇ ಅಲ್ವಾ?

ದೀಪದ ಸ್ವಿಚ್ಚನ್ನು ಹಿಮ ಬೀಳುವಾಗ ನೀವೇ ಹಾಕಿ. ಬಹಳ ಕಾರುಗಳಲ್ಲಿ ಹಗಲು ತಾನಾಗಿ ಉರಿಯುವ ಮುಂದಿನ ದೀಪದ ಜೊತೆ ಹಿಂದಿನ ದೀಪ ಉರಿಯುವುದಿಲ್ಲ. ಬಿಳಿ ಹಿಮದಲ್ಲಿ ಬೂದು ಬಣ್ಣದ ಕಾರು ಹಿಂದಿನವರಿಗೆ ಕಾಣುವುದೇ ಇಲ್ಲ.

ಡಿಕ್ಕಿಯಲ್ಲಿ ಏನಿರಬೇಕು

2022ರ ಜನವರಿ ಮೊದಲ ವಾರ ವರ್ಜೀನಿಯಾದ ಐ-95 ಹೆದ್ದಾರಿಯಲ್ಲಿ ಹಿಮ, ಐಸ್ ಮತ್ತು ಅಡ್ಡ ನಿಂತ ಲಾರಿಗಳಿಂದಾಗಿ ನೂರಾರು ವಾಹನ ಸಿಕ್ಕಿಕೊಂಡವು. ಕೆಲವರು 24 ಗಂಟೆಗೂ ಹೆಚ್ಚು ಕಾರಿನಲ್ಲೇ ಕೂತಿದ್ದರು. ಸೆನೆಟರ್ ಟಿಮ್ ಕೇನ್ ಕೂಡ ಅವರಲ್ಲಿ ಒಬ್ಬರು, ಅವರು 27 ಗಂಟೆ ಸಿಕ್ಕಿಕೊಂಡಿದ್ದರು. ದೂರದ ಕಾಡಿನಲ್ಲಿ ಅಲ್ಲ, ದೇಶದ ದೊಡ್ಡ ಹೆದ್ದಾರಿಯಲ್ಲೇ ಹೀಗಾಯಿತು. ಹಾಗಾಗಿ ಇದು ಹಳ್ಳಿ ಕಡೆ ಹೋಗುವವರಿಗೆ ಮಾತ್ರ ಅಂತ ಬಿಡಬೇಡಿ.

ಉದ್ದ ಹಿಡಿಯ ಬ್ರಷ್ ಮತ್ತು ಸ್ಕ್ರೇಪರ್, ಮಡಚುವ ಸಲಿಕೆ, ಜಂಪರ್ ಕೇಬಲ್ ಅಥವಾ ಕೈಯಲ್ಲಿ ಹಿಡಿಯುವ ಬೂಸ್ಟರ್, ಒಂದು ಚೀಲ ಮರಳು, ಟಾರ್ಚ್, ಫಸ್ಟ್ ಏಡ್ ಡಬ್ಬಿ, ಫೋನ್ ಚಾರ್ಜರ್ ಇವು ಇರಲೇಬೇಕು. ಮರಳು ಸಿಗದಿದ್ದರೆ ಬೆಕ್ಕಿಗೆ ಹಾಕುವ ಲಿಟರ್ ಆಗುತ್ತದೆ. ಕೂತವರಿಗೆ ತಲಾ ಒಂದು ಕಂಬಳಿ, ಟೋಪಿ, ಕೈಗವಸು ಇಡಿ. ತಿನ್ನಲು ಚಳಿಯಲ್ಲೂ ಕೆಡದ್ದು ಬೇಕು. ಕಡಲೆ ಮಿಠಾಯಿ, ಖರ್ಜೂರ, ಹುರಿದ ಶೇಂಗಾ ಇದಕ್ಕೆ ಹೇಳಿ ಮಾಡಿಸಿದ ಹಾಗಿವೆ. ನೀರಿನ ಬಾಟಲಿಯನ್ನು ಕಂಠದವರೆಗೆ ತುಂಬಬೇಡಿ, ಹೆಪ್ಪುಗಟ್ಟಿದರೆ ಒಡೆಯುತ್ತದೆ. ದಿನವೂ ಮಾತ್ರೆ ತೆಗೆದುಕೊಳ್ಳುವವರು, ಅದರಲ್ಲೂ ಊರಿಂದ ಬಂದಿರುವ ಅಪ್ಪ ಅಮ್ಮನ ಜೊತೆ ಹೊರಟವರು, ಮಾತ್ರೆಯನ್ನು ಡಿಕ್ಕಿಯಲ್ಲಿಡದೆ ಕೈಚೀಲದಲ್ಲಿ ಇಟ್ಟುಕೊಳ್ಳಿ.

ಪೆಟ್ರೋಲ್ ಅರ್ಧ ಟ್ಯಾಂಕಿಗಿಂತ ಕೆಳಗೆ ಇಳಿಯಲು ಬಿಡಬೇಡಿ. ಸಿಕ್ಕಿಕೊಂಡಾಗ ನಿಮ್ಮನ್ನು ಬೆಚ್ಚಗಿಡುವುದು ಅದೇ.

ಬೆಳಿಗ್ಗೆ ಹೊರಡುವಾಗ

ಈಗಿನ ಕಾರುಗಳಿಗೆ ಹತ್ತು ನಿಮಿಷ ಎಂಜಿನ್ ಓಡಿಸಿಡುವ ಅಗತ್ಯವಿಲ್ಲ. ಅರ್ಧದಿಂದ ಒಂದು ನಿಮಿಷ ಬಿಟ್ಟು ಹೊರಡಿ, ಮೊದಲ ಕೆಲವು ಕಿಲೋಮೀಟರ್ ನಿಧಾನ ಹೋಗಿ. ನಿಂತಲ್ಲಿಗಿಂತ ಓಡುವಾಗಲೇ ಎಂಜಿನ್ ಬೇಗ ಬಿಸಿಯಾಗುತ್ತದೆ. ಗಾಜು ಪೂರ್ತಿ ತಿಳಿಯಾಗುವವರೆಗೆ ಮಾತ್ರ ಕಾಯಲೇಬೇಕು. ಟೊರೊಂಟೊದಂಥ ನಗರಗಳಲ್ಲಿ ನಿಂತ ಕಾರಿನ ಎಂಜಿನ್ ಸುಮ್ನೆ ಓಡಿಸುವುದಕ್ಕೆ ಮಿತಿಯೂ ಇದೆ.

ಗ್ಯಾರೇಜಿನೊಳಗೆ ಎಂಜಿನ್ ಓಡಿಸಿಡಬೇಡಿ, ಬಾಗಿಲು ತೆರೆದಿದ್ದರೂ ಬೇಡ. ಎಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್ ಅನ್ನುವ ವಿಷಗಾಳಿಗೆ ವಾಸನೆ ಇಲ್ಲ, ಬಣ್ಣ ಇಲ್ಲ. ಗ್ಯಾರೇಜಿಗೆ ಅಂಟಿದ ಮನೆಯೊಳಗೆ ನುಸುಳಿ ಮಲಗಿದವರ ಜೀವ ತೆಗೆಯುತ್ತದೆ. ರಿಮೋಟ್ ಸ್ಟಾರ್ಟ್ ಇರುವವರು ಇದನ್ನು ಮನೆಯ ಎಲ್ಲರಿಗೂ ಹೇಳಿಡಿ.

ಮಕ್ಕಳನ್ನು ಕಾರ್ ಸೀಟಿನಲ್ಲಿ ಕೂರಿಸುವಾಗ ದಪ್ಪ ಜಾಕೆಟ್ ತೆಗೆಯಿರಿ. ಬೆಲ್ಟ್ ಬಿಗಿಯಾಗಿದೆ ಅನ್ನಿಸುತ್ತದೆ. ಆದರೆ ಡಿಕ್ಕಿಯಾದಾಗ ಜಾಕೆಟ್ ಅದುಮಿಹೋಗಿ ಬೆಲ್ಟ್ ಸಡಿಲವಾಗುತ್ತದೆ, ಮಗು ಜಾರಿ ಹೊರಬರಬಹುದು. ತೆಳ್ಳನೆಯ ಬಟ್ಟೆಯಲ್ಲಿ ಬೆಲ್ಟ್ ಹಾಕಿ, ಮೇಲಿಂದ ಕಂಬಳಿ ಹೊದಿಸಿ.

ಓಡಿಸುವಾಗ

ಎಲ್ಲವನ್ನೂ ಮೆಲ್ಲಗೆ ಮಾಡಿ. ಮೆಲ್ಲಗೆ ಹೊರಡಿ, ಮೆಲ್ಲಗೆ ತಿರುಗಿಸಿ, ಮೆಲ್ಲಗೆ ನಿಲ್ಲಿಸಿ. ಒಣ ರಸ್ತೆಯಲ್ಲಿ ಮುಂದಿನ ಕಾರಿಗೆ 2 ಸೆಕೆಂಡಿನ ಅಂತರ ಬಿಡುತ್ತಿದ್ದರೆ ಹಿಮದಲ್ಲಿ 6ರಿಂದ 8 ಸೆಕೆಂಡು ಬಿಡಿ. ನಡುವೆ ಯಾರಾದರೂ ನುಗ್ಗುತ್ತಾರೆ. ನುಗ್ಗಲಿ, ಮತ್ತೆ ಹಿಂದೆ ಸರಿಯಿರಿ. ಕ್ರೂಸ್ ಕಂಟ್ರೋಲ್ ಬೇಡ.

ತುಂಬಾ ಚಳಿ ಇದ್ದಾಗಲೇ ರಸ್ತೆ ಹೆಚ್ಚು ಜಾರುತ್ತದೆ ಅಂದುಕೊಳ್ಳುತ್ತೇವೆ. ಆದರೆ ಐಸ್ ಅತಿ ಹೆಚ್ಚು ಜಾರುವುದು 0 ಡಿಗ್ರಿಯ ಆಸುಪಾಸಿನಲ್ಲಿ, ಅದರ ಮೇಲೆ ನೀರಿನ ತೆಳು ಪದರ ಇರುವಾಗ. ಹಗಲು ಕರಗಿ ಸಂಜೆ ಮತ್ತೆ ಹೆಪ್ಪುಗಟ್ಟುವ ದಿನಗಳಲ್ಲಿ ರಸ್ತೆ ಬರೀ ಒದ್ದೆಯಾದಂತೆ ಕಾಣುತ್ತದೆ, ನಿಜವಾಗಿ ಅದು ಬ್ಲ್ಯಾಕ್ ಐಸ್. ಮುಂದಿನ ಕಾರಿನ ಚಕ್ರದಿಂದ ನೀರು ಚಿಮ್ಮುತ್ತಿಲ್ಲ ಅಂದರೆ ಅನುಮಾನಪಡಿ. ಸೇತುವೆ, ಫ್ಲೈಓವರ್ ಮೊದಲು ಹೆಪ್ಪುಗಟ್ಟುತ್ತವೆ, ಅವುಗಳ ಅಡಿಯಿಂದಲೂ ಗಾಳಿ ಬೀಸುತ್ತದೆ. ಮೈನಸ್ 10ಕ್ಕಿಂತ ಕೆಳಗೆ ಹೋದರೆ ರಸ್ತೆಗೆ ಹಾಕಿದ ಸಾದಾ ಉಪ್ಪು ಸರಿಯಾಗಿ ಕೆಲಸ ಮಾಡುವುದಿಲ್ಲ. 'ಉಪ್ಪು ಹಾಕಿದ್ದಾರೆ' ಅಂತ ಆ ದಿನ ವೇಗ ಹೆಚ್ಚಿಸಬೇಡಿ.

ಕಾರು ಜಾರತೊಡಗಿದರೆ ಕಾಲನ್ನು ಆಕ್ಸಿಲರೇಟರ್‌ನಿಂದ ತೆಗೆಯಿರಿ. ಹೋಗಬೇಕಾದ ಕಡೆ ನೋಡಿ, ಅದೇ ಕಡೆಗೆ ಸ್ಟೀರಿಂಗ್ ತಿರುಗಿಸಿ. ಕಂಬವನ್ನೇ ನೋಡುತ್ತಿದ್ದರೆ ಕೈಯೂ ಕಂಬದ ಕಡೆಗೇ ಹೋಗುತ್ತದೆ. ತಕ್ಷಣ ನಿಲ್ಲಿಸಬೇಕಾದರೆ ಎಬಿಎಸ್ (ಬ್ರೇಕ್ ಒತ್ತಿದಾಗ ಚಕ್ರ ಪೂರ್ತಿ ನಿಂತು ಜಾರದಂತೆ ತಡೆಯುವ ವ್ಯವಸ್ಥೆ) ಇರುವ ಕಾರಿನಲ್ಲಿ ಬ್ರೇಕನ್ನು ಗಟ್ಟಿಯಾಗಿ ಒತ್ತಿ ಹಿಡಿಯಿರಿ. ಪೆಡಲ್ ಗಡಗಡ ಅನ್ನುತ್ತದೆ. ಹೆದರಿ ಬಿಡಬೇಡಿ, ಅದು ಕೆಲಸ ಮಾಡುತ್ತಿದೆ ಅಂತ ಅರ್ಥ. ಮೊದಲ ಹಿಮ ಬಿದ್ದ ದಿನ ಯಾರೂ ಇಲ್ಲದ, ಅನುಮತಿ ಇರುವ ಬಯಲು ಜಾಗದಲ್ಲಿ ಕಡಿಮೆ ವೇಗದಲ್ಲಿ ಇದನ್ನೆಲ್ಲ ಒಮ್ಮೆ ಮಾಡಿ ನೋಡಿ. ಆ ಗಡಗಡ ಪಾದಕ್ಕೆ ಪರಿಚಯವಾದರೆ ಹೆದ್ದಾರಿಯಲ್ಲಿ ಗಾಬರಿಯಾಗುವುದಿಲ್ಲ.

ಹಿಮ ತಳ್ಳುವ ಪ್ಲೋ ಗಾಡಿಯನ್ನು ಹಿಂದೆ ಹಾಕಲು ಹೋಗಬೇಡಿ. ಒಂಟಾರಿಯೊದಲ್ಲಿ ಅವಕ್ಕೆ ನೀಲಿ ದೀಪ ಮಿನುಗುತ್ತದೆ. ಅದರ ಮುಂದಿನ ರಸ್ತೆ ಯಾವಾಗಲೂ ಹಿಂದಿನದಕ್ಕಿಂತ ಕೆಟ್ಟದಾಗಿರುತ್ತದೆ.

ಸಿಕ್ಕಿಕೊಂಡರೆ

ಚಕ್ರ ಹಿಮದಲ್ಲಿ ಹೂತಿದ್ದರೆ ಜೋರಾಗಿ ತಿರುಗಿಸಬೇಡಿ. ಅಡಿಯ ಹಿಮ ಕರಗಿ ಐಸ್ ಆಗುತ್ತದೆ, ಗುಂಡಿ ಇನ್ನೂ ಆಳವಾಗುತ್ತದೆ. ಸಲಿಕೆಯಿಂದ ಚಕ್ರದ ಹಿಂದೆ ಮುಂದೆ ಬಿಡಿಸಿ, ಮರಳು ಹಾಕಿ, ಚಕ್ರ ನೇರ ಮಾಡಿ, ಮೆಲ್ಲಗೆ ಆಕ್ಸಿಲರೇಟರ್ ಒತ್ತಿ. ಟ್ರ್ಯಾಕ್ಷನ್ ಕಂಟ್ರೋಲ್ ಎಂಜಿನ್ ಶಕ್ತಿಯನ್ನು ತಡೆಯುತ್ತಿದ್ದರೆ ಆಗ ಮಾತ್ರ ಆಫ್ ಮಾಡಿ, ಹೊರಬಂದ ಮೇಲೆ ಮತ್ತೆ ಆನ್ ಮಾಡಿ.

ಬಿರುಗಾಳಿಯಲ್ಲಿ ಹೆದ್ದಾರಿಯಲ್ಲೇ ನಿಂತುಹೋದರೆ ಕಾರು ಬಿಟ್ಟು ನಡೆಯಲು ಹೋಗಬೇಡಿ. 2022ರ ಕ್ರಿಸ್‌ಮಸ್ ಹೊತ್ತಿನ ಬಫಲೋ ಬಿರುಗಾಳಿಯಲ್ಲಿ 40ಕ್ಕೂ ಹೆಚ್ಚು ಜನ ಸತ್ತರು. ಕೆಲವರು ಹೊರಗೆ ಹಿಮದಲ್ಲಿ, ಕೆಲವರು ಕಾರಿನಲ್ಲಿ ಸಿಕ್ಕರು. ಹೊರಡದಿರುವುದೇ ಅಂಥ ದಿನದ ಮೊದಲ ರಕ್ಷಣೆ. ಸಿಕ್ಕಿಕೊಂಡೇಬಿಟ್ಟರೆ 911ಕ್ಕೆ ಕರೆ ಮಾಡಿ ಎಲ್ಲಿದ್ದೀರಿ ಅಂತ ಹೇಳಿ. ಹಿಂದಿನ ಸೈಲೆನ್ಸರ್ ಕೊಳವೆಯ ಬಾಯಿಂದ ಹಿಮ ತೆಗೆಯಿರಿ. ಅದು ಮುಚ್ಚಿದರೆ ಹೊಗೆ ಒಳಗೆ ಬರುತ್ತದೆ. ಗಂಟೆಗೆ ಸುಮಾರು ಹತ್ತು ನಿಮಿಷ ಮಾತ್ರ ಎಂಜಿನ್ ಓಡಿಸಿ. ಗಾಳಿ ಬೀಸದ ಕಡೆಯ ಕಿಟಕಿಯನ್ನು ಆಗ ಸ್ವಲ್ಪ ಇಳಿಸಿಡಿ. ಪ್ರತಿ ಸಲ ಓಡಿಸುವ ಮುಂಚೆ ಕೊಳವೆಯನ್ನು ಮತ್ತೆ ನೋಡಿ.

ಎಲೆಕ್ಟ್ರಿಕ್ ಕಾರಿನವರಿಗೆ

ದೊಡ್ಡ ಚಳಿಯಲ್ಲಿ ಓಡುವ ದೂರ ಕಾಲು ಭಾಗದಿಂದ ಮೂರನೇ ಒಂದು ಭಾಗದಷ್ಟು ಇಳಿಯಬಹುದು, ಕೆಲವೊಮ್ಮೆ ಇನ್ನೂ ಹೆಚ್ಚು. ಹೊರಡುವ ಮುಂಚೆ ಪ್ಲಗ್‌ನಲ್ಲಿರುವಾಗಲೇ ಒಳಗನ್ನು ಬಿಸಿ ಮಾಡಿಕೊಳ್ಳಿ, ಆಗ ಬ್ಯಾಟರಿಯ ಶಕ್ತಿ ಖರ್ಚಾಗುವುದಿಲ್ಲ. ಸೀಟ್ ಹೀಟರ್ ಇಡೀ ಕಾರಿನ ಹೀಟರಿಗಿಂತ ತುಂಬಾ ಕಡಿಮೆ ಎಳೆಯುತ್ತದೆ. ಬ್ಯಾಟರಿ ತಣ್ಣಗಿದ್ದರೆ ವೇಗದ ಚಾರ್ಜಿಂಗ್ ನಿಧಾನವಾಗುತ್ತದೆ, ಚಾರ್ಜರ್ ಇರುವ ಜಾಗವನ್ನು ಕಾರಿನ ನಕ್ಷೆಯಲ್ಲಿ ಹಾಕಿದರೆ ಬಹಳ ಕಾರುಗಳು ದಾರಿಯಲ್ಲೇ ಬ್ಯಾಟರಿಯನ್ನು ಬೆಚ್ಚಗೆ ಮಾಡಿಕೊಳ್ಳುತ್ತವೆ.

ಉಪ್ಪು ಮತ್ತು ತುಕ್ಕು

ಚಳಿಗಾಲ ಕಾರಿಗೆ ಮಾಡುವ ನಿಧಾನದ ಹಾನಿ ಇದು. ಉಪ್ಪುನೀರು ಅಡಿಯಲ್ಲಿ ಸೇರಿ ಬ್ರೇಕಿನ ಕೊಳವೆ, ಸಸ್ಪೆನ್ಶನ್, ಬಾಗಿಲಿನ ಕೆಳಅಂಚು ಎಲ್ಲವನ್ನೂ ತಿನ್ನುತ್ತದೆ. ಹಳೆಯ ಕಾರು ಕೊಳ್ಳುವಾಗ ಒಮ್ಮೆ ಬಗ್ಗಿ ಅಡಿ ನೋಡಿ, ಮೇಲೆ ಹೊಳೆಯುವ ಕಾರಿನ ನಿಜ ವಯಸ್ಸು ಅಲ್ಲಿ ಗೊತ್ತಾಗುತ್ತದೆ.

ಪ್ರತಿ ವರ್ಷ ಚಳಿಗಾಲಕ್ಕೆ ಮುಂಚೆ ಎಣ್ಣೆ ಸಿಂಪಡಿಸುವ ತುಕ್ಕು ನಿರೋಧಕ ಮಾಡಿಸಿದರೆ ಒಳ್ಳೆಯದು. ಐದಾರು ವರ್ಷಕ್ಕಿಂತ ಹೆಚ್ಚು ಕಾಲ ಕಾರು ಇಟ್ಟುಕೊಳ್ಳುವವರಿಗೆ ಆ ದುಡ್ಡು ವಾಪಸ್ ಬರುತ್ತದೆ. ಹವೆ 0 ಡಿಗ್ರಿಯ ಮೇಲೆ ಬಂದ ದಿನ ಅಡಿಗೆ ನೀರು ಹಾಯಿಸುವ ಕಾರ್ ವಾಶ್‌ಗೆ ಹೋಗಿ. ಎರಡು ವಾರಕ್ಕೊಮ್ಮೆ ಸಾಧ್ಯವಾದರೆ ಸಾಕು. ತೊಳೆದ ಮೇಲೆ ಬಾಗಿಲಿನ ರಬ್ಬರ್ ಒರೆಸಿ, ಇಲ್ಲದಿದ್ದರೆ ರಾತ್ರಿ ಬಾಗಿಲು ಅಂಟಿಕೊಳ್ಳುತ್ತದೆ. ರಬ್ಬರಿಗೆ ಸಿಲಿಕೋನ್ ಸ್ಪ್ರೇ ಹಚ್ಚಿಟ್ಟರೆ ಆ ತೊಂದರೆ ಇರುವುದಿಲ್ಲ. ತೊಳೆದ ದಿನ ರಾತ್ರಿ ಹವೆ ಇಳಿಯುವುದಿದ್ದರೆ ಸಮತಟ್ಟು ಜಾಗದಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಎಳೆಯಬೇಡಿ. ಒದ್ದೆ ಬ್ರೇಕ್ ಹಾಗೇ ಹೆಪ್ಪುಗಟ್ಟಿಬಿಡಬಹುದು.

ಏಪ್ರಿಲ್‌ನಲ್ಲಿ

ಹವೆ ಮತ್ತೆ 7 ಡಿಗ್ರಿ ದಾಟಿ ನಿಂತ ಮೇಲೆ ವಿಂಟರ್ ಟೈರ್ ತೆಗೆಸಿ. ಮಾರ್ಚ್‌ನಲ್ಲಿ ನಾಲ್ಕು ದಿನ ಬಿಸಿಲು ಬಂತು ಅಂತ ಅವಸರ ಮಾಡಬೇಡಿ, ಏಪ್ರಿಲ್‌ನಲ್ಲೂ ಹಿಮ ಬೀಳುತ್ತದೆ. ಹಾಗೇ ಬೇಸಿಗೆಯಲ್ಲೂ ಬಿಡಬೇಡಿ, ಮೆತ್ತನೆಯ ರಬ್ಬರ್ ಬಿಸಿ ರಸ್ತೆಯಲ್ಲಿ ಬೇಗ ಸವೆಯುತ್ತದೆ. ಕರಗಿದ ನೀರು ರಸ್ತೆಯ ಬಿರುಕಿಗೆ ಇಳಿದು ಹೆಪ್ಪುಗಟ್ಟಿ ಈ ಹೊತ್ತಿಗೆ ಗುಂಡಿಗಳು ಎದ್ದಿರುತ್ತವೆ. ಕಾರು ಒಂದು ಕಡೆ ಎಳೆಯುತ್ತಿದ್ದರೆ ವೀಲ್ ಅಲೈನ್‌ಮೆಂಟ್ ಮಾಡಿಸಿ, ಬ್ರೇಕನ್ನೂ ಕಳಚಿ ಸ್ವಚ್ಛ ಮಾಡಿಸಿ.

ತೆಗೆದ ಟೈರನ್ನು ತೊಳೆದು ಒಣಗಿಸಿ, ಚೀಲದಲ್ಲಿ ಹಾಕಿ, ಬಿಸಿಲು ಬೀಳದ ತಂಪು ಜಾಗದಲ್ಲಿಡಿ. ಜಾಗವಿಲ್ಲದಿದ್ದರೆ ಬಾಡಿಗೆಗೆ ಇಟ್ಟುಕೊಳ್ಳುವ ಗ್ಯಾರೇಜುಗಳಿವೆ. ಯಾವ ಟೈರ್ ಯಾವ ಕಡೆ ಇತ್ತು ಅಂತ ಸೀಮೆಸುಣ್ಣದಲ್ಲಿ ಬರೆಯಿರಿ, ಮುಂದಿನ ಸಲ ಹಿಂದೆ ಮುಂದೆ ಬದಲಿಸಿ ಹಾಕಿಸಬಹುದು. ಗೆರೆಯ ಆಳವನ್ನು ಆಗಲೇ ಅಳೆದು ಫೋನಿನಲ್ಲಿ ಬರೆದಿಡಿ. 5 ಮಿಲಿಮೀಟರಿಗೆ ಬಂದಿದ್ದರೆ ಮುಂದಿನ ಚಳಿಗಾಲದ ಮಧ್ಯದಲ್ಲಿ ಸಾಲದೆ ಬರುತ್ತದೆ, ಸೆಪ್ಟೆಂಬರ್‌ನಲ್ಲಿ ಅಂಗಡಿಗಳು ತುಂಬಿರುವಾಗಲೇ ಹೊಸದು ಹುಡುಕಿ.